ಪ್ರಮೀಳಕ್ಕನ ಗೋಡೆಯಿಲ್ಲದ ಫೋಟೋಗಳು

ಪ್ರಮೀಳಕ್ಕನ ಫೋಟೋಗಳಲ್ಲಿ ಗೋಡೆ ಇರುತ್ತಿರಲಿಲ್ಲ. ತಟ್ಟೆ, ಆಕಾಶ, ತನ್ನದೇ ಅರ್ಧ ಮುಖ, ಅಷ್ಟೇ. "ಗೋಡೆ ಬಂದ್ರೆ ಅದರ ಹಿಂದೆ ಊರೂ ಬರ್ತದೆ" ಎನ್ನುತ್ತಿದ್ದರು.

ಕಂಕನಾಡಿಯ ಪಿ.ಜಿ.ಯಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಅವರಿಗೆ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸ, ನನಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಸಂಜೆ ಮಾರ್ಕೆಟ್ಟಿನ ಹಿಂದಿನ ಸಣ್ಣ ಹೋಟೆಲಿನಲ್ಲಿ ಗೋಳಿಬಜೆ. ಯಾರು ಎಲ್ಲಿದ್ದಾರೆ, ಏನು ತಿಂದರು ಎಂದು ಗೆಳೆಯರಿಗೆಲ್ಲ ತೋರಿಸುವ ಆ್ಯಪ್ ಒಂದು ಅವರ ಫೋನಿನಲ್ಲಿತ್ತು. ಬಜೆಯ ಫೋಟೋ ತೆಗೆದು ಅದರಲ್ಲಿ ಜಾಗದ ಹೆಸರು 'ಮಲ್ಪೆ' ಎಂದು ಸುಳ್ಳೇ ಹಾಕುತ್ತಿದ್ದರು. ಮರುದಿನ ಕಾರ್ಕಳ. ನಾನು ಏನಾದರೂ ಕೇಳಿದರೆ, "ಮಲ್ಪೆಯಲ್ಲಿ ಇದ್ದೇನಲ್ಲ ಮಾರಾಯ್ತಿ, ನಿನ್ನೊಟ್ಟಿಗೆ ಹೇಗೆ ಮಾತಾಡುವುದು?" ಎಂದು ನನ್ನ ತಟ್ಟೆಯ ಬಜೆಗೂ ಕೈ ಹಾಕುತ್ತಿದ್ದರು.

ಆಟ ಎಂದುಕೊಂಡಿದ್ದೆ, ಅವರ ತೋಳಿನ ಸುಟ್ಟ ಕಲೆ ನೋಡುವ ತನಕ. ಎಡತೋಳೋ ಬಲತೋಳೋ, ಈಗ ಖಚಿತವಿಲ್ಲ. ಬರೆಯಲು ಕುಳಿತಾಗಲೆಲ್ಲ ಅದು ಬದಲಾಗುತ್ತದೆ. ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರವನ್ನು ಮಾತ್ರ ಮರೆತಿಲ್ಲ. ಗಂಡನ ಕೆಲಸ. ಅದಾದ ಮೇಲೆ ಅವರು ಮನೆ ಬಿಟ್ಟಿದ್ದರು.

"ಮತ್ತೆ ಫೋಟೋ ಹಾಕುವುದು ಯಾಕೆ?"

"ಅಮ್ಮನಿಗೆ ಫೋನ್ ಮಾಡಿದ್ರೆ ಅವ ಅಲ್ಲಿಗೆ ಹೋಗಿ ಅಮ್ಮನ ಫೋನಿಂದ ನನ್ನ ನಂಬರ್ ತೆಗೀತಾನೆ. ಫೋಟೋ ನೋಡಿದ್ರೆ ಅಮ್ಮನಿಗೆ ನಾನು ಬದುಕಿದ್ದೇನೆ ಅಂತ ಗೊತ್ತಾಗ್ತದೆ."

"ಅವನೂ ನೋಡ್ತಾನಾ? ಆ್ಯಪಿನಲ್ಲಿ ಅವನನ್ನು ಇನ್ನೂ ಗೆಳೆಯರ ಪಟ್ಟಿಯಲ್ಲಿ ಇಟ್ಟುಕೊಂಡಿದ್ದೀರಾ? ಪ್ರಮೀಳಕ್ಕ, ನಿಮಗೆ ಮಂಡೆ ಸಮ ಉಂಟಾ?"

"ಅವನನ್ನು ತೆಗೆದ್ರೆ ಮಲ್ಪೆಗೆ ಹೋಗಿ ಹುಡುಕುವುದು ಯಾರು?" ಎಂದು ನಕ್ಕರು. ನಗುವಾಗಲೂ ಮುಖ ಬಾಗಿಲ ಕಡೆಗೇ.

ಒಂದು ಭಾನುವಾರ ನನ್ನ ಫೋನಿನಲ್ಲೂ ಇದ್ದ ಅದೇ ಆ್ಯಪ್ ತಾನಾಗಿ ಒಂದು ಸಲಹೆ ಕೊಟ್ಟಿತು: 'ನಿಮಗೆ ಇಷ್ಟವಾಗಬಹುದಾದ ಜಾಗ. ನಿಮ್ಮ ಸ್ನೇಹಿತೆ ಪ್ರಮೀಳಾ ಇಲ್ಲಿಗೆ ಆಗಾಗ ಬರುತ್ತಾರೆ.' ಕೆಳಗೆ ನಕ್ಷೆ, ಅದರಲ್ಲಿ ನಾವು ಕುಳಿತಿದ್ದ ಹೋಟೆಲು. ಅವರು ಬೆರಳಿನಿಂದ ಮಲ್ಪೆ ಎಂದು ಬರೆಯುತ್ತಿದ್ದರು. ಫೋನಿಗೆ ತಾನೆಲ್ಲಿದ್ದೇನೆಂದು ಗೊತ್ತಿತ್ತು.

ತಮಾಷೆ ಎಂದು ತೋರಿಸಿದೆ. ಅವರು ಓದಿದರು. ಕೈಯಲ್ಲಿದ್ದ ಬಜೆ ಹಾಗೆಯೇ ಉಳಿಯಿತು.

"ಇದು ನಿನಗೆ ಮಾತ್ರ ಬಂದದ್ದಾ?"

"ನಿಮ್ಮ ಗೆಳೆಯರಿಗೆಲ್ಲ ಬರ್ತದೆ ಅಂತ ಕಾಣ್ತದೆ." ಆ ಗೆಳೆಯರಲ್ಲಿ ಅವನೂ ಇದ್ದಾನೆಂದು ಹೇಳಿ ಮುಗಿಸಿದ ಮೇಲೆ ಹೊಳೆಯಿತು.

ಅವರು ಹೋಟೆಲಿನ ಅಡುಗೆಮನೆಯ ಬಾಗಿಲಿಂದ ಹೊರಬಿದ್ದರು. ಕೋಣೆಗೆ ಬಂದು ಫೋನಿನ ಸಿಮ್ ತೆಗೆದು ಎರಡು ತುಂಡು ಮಾಡಿದರು. ಒಂದೇ ಬ್ಯಾಗು. ದೂರದ ಬಸ್ಸುಗಳು ನಿಲ್ಲುವ ಪಂಪ್‌ವೆಲ್‌ನಲ್ಲಿ ನನ್ನನ್ನು ಫ್ಲೈಓವರಿನ ಕೆಳಗೇ ನಿಲ್ಲಿಸಿದರು.

"ಎಲ್ಲಿಗೆ ಅಂತ ಕೇಳ್ಬೇಡ. ಅವ ಬಂದು ಕೇಳಿದ್ರೆ ನಿನಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ. ಬಸ್ಸಿನ ಬೋರ್ಡೂ ನೋಡ್ಬೇಡ."

ನಾನು ರಸ್ತೆಗೆ ಬೆನ್ನು ಹಾಕಿದೆ. ಬಸ್ಸುಗಳು ಹೋದ ಸದ್ದು ಮಾತ್ರ ಕೇಳಿತು. ಅವರು ನನ್ನ ಹೆಗಲು ಮುಟ್ಟಿ ಹೋದರೆಂದು ನೆನಪು. ಅದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಅದೇ ವಾರ ಹೋಟೆಲಿನಲ್ಲಿ ಅವರ ಕುರ್ಚಿಯಲ್ಲಿ ಒಬ್ಬ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೇಜಿನ ಮೇಲೆ ಫೋನು. ಏನು ಬೇಕೆಂದು ಕೇಳಲು ಬಂದವನಲ್ಲಿ ಬಹಳ ಮರ್ಯಾದೆಯಿಂದ ವಿಚಾರಿಸುತ್ತಿದ್ದ: "ಇಲ್ಲಿ ಎಂತ ಒಳ್ಳೆದುಂಟು? ನನ್ನ ಹೆಂಡತಿಗೆ ಈ ಹೋಟೆಲು ಭಾರೀ ಇಷ್ಟ ಅಂತೆ."

ನಾನು ಚಾ ಮುಟ್ಟದೆ ಎದ್ದು ಬಂದೆ.

ಆ ಆ್ಯಪನ್ನು ಇನ್ನೂ ತೆಗೆದಿಲ್ಲ. ಯಾವುದೋ ಊರಿನ ಯಾವುದೋ ಹೋಟೆಲಿಗೆ ಪ್ರಮೀಳಾ ಆಗಾಗ ಬರುತ್ತಾರೆ ಎಂದು ಅದು ಹೇಳಿದರೆ, ಅವರು ಬದುಕಿದ್ದಾರೆಂದು ನನಗೆ ಗೊತ್ತಾಗುತ್ತದೆ. ಅದೇ ಹೊತ್ತಿಗೆ ಅವನಿಗೂ. ಫೋನು ಸದ್ದು ಮಾಡಿದಾಗ ನೋಡದೆ ಅದನ್ನು ಬೋರಲು ಹಾಕುತ್ತೇನೆ.