ಕುಂಡದ ದನಿ ಬಲ್ಲ ದಾಳಿಂಬೆ ಅಕ್ಕ

ಬೆಳಗಿನ ಐದೂಕಾಲು. ಬೋನ್ಸಾಯ್ ಪ್ರದರ್ಶನದ ಸಭಾಂಗಣದ ಮುಂಬಾಗಿಲಿಗೆ ಇನ್ನೂ ಬೀಗ. ಹಿಂಬಾಗಿಲಿನಿಂದ, ಮಡಚಿದ ಕುರ್ಚಿಗಳನ್ನು ಒಟ್ಟಿರುವ ಓಣಿಯೊಳಗೆ ನುಸುಳಿಕೊಂಡು ಒಬ್ಬೊಬ್ಬರೇ ಬರುತ್ತಿದ್ದಾರೆ. ಕೈಯಲ್ಲಿ ನೀರಿನ ಡಬ್ಬಿ, ಭುಜದ ಮೇಲೆ ಟವೆಲು. ಒಟ್ಟು ಹನ್ನೊಂದು ಜನ. ಒಳಗೆ ಅರವತ್ತು ಮರಗಳಿವೆ, ಅರವತ್ತು ಚೀಟಿಗಳಿವೆ. ಈ ಹನ್ನೊಂದು ಜನರಲ್ಲಿ ಒಬ್ಬರ ಹೆಸರೂ ಒಂದು ಚೀಟಿಯಲ್ಲೂ ಇಲ್ಲ.

ಮರ ಅಂದರೆ ಮರವೇ. ನಲವತ್ತು ವರ್ಷದ ಆಲ ಇಲ್ಲಿ ಮೊಣಕೈ ಎತ್ತರ. ಅಜ್ಜನಷ್ಟು ವಯಸ್ಸಿನ ಪೈನ್ ಊಟದ ತಟ್ಟೆಯಗಲದ ಕುಂಡದಲ್ಲಿ ಸೊಂಟ ಬಗ್ಗಿಸಿ ನಿಂತಿದೆ. ಹತ್ತು ಗಂಟೆಗೆ ಒಡೆಯರು ಬರುತ್ತಾರೆ, ಹನ್ನೊಂದಕ್ಕೆ ಜನ ಬರುತ್ತಾರೆ, ಫೋಟೊ ತೆಗೆಯುತ್ತಾರೆ. ಅಷ್ಟರೊಳಗೆ ಈ ಹನ್ನೊಂದು ಜನ ನೀರು ಹಾಕಿ, ಎಲೆ ಒರೆಸಿ, ಉದುರಿದ್ದನ್ನು ಹೆಕ್ಕಿ, ಬಂದ ಬಾಗಿಲಿನಿಂದಲೇ ಹೊರಗೆ ಹೋಗಿರಬೇಕು. ಹೋಗುವ ಮುಂಚೆ ಅವರದೇ ಒಂದು ಪ್ರದರ್ಶನ ನಡೆಯುತ್ತದೆ. ಯಾರ ಕೈಯಲ್ಲಿ ಯಾವ ಮರ ಹೇಗೆ ಬೆಳೆದಿದೆ ಅಂತ ಪರಸ್ಪರ ನೋಡಿಕೊಳ್ಳುತ್ತಾರೆ, ಮೂಗು ಮುರಿಯುತ್ತಾರೆ. ನಿಜವಾದ ತೀರ್ಪು ಆಗುವುದು ಆಗಲೇ.

ಎಲ್ಲರಿಗಿಂತ ಮೊದಲು ಬಂದವಳು ಐವತ್ತೆಂಟರ ಒಬ್ಬ ಹೆಂಗಸು. ಇಲ್ಲಿ ಎಲ್ಲರಿಗೂ ಅವಳು ದಾಳಿಂಬೆ ಅಕ್ಕ. ನಾಲ್ಕನೆಯ ಮೇಜಿನ ಮೇಲಿರುವ ದಾಳಿಂಬೆ ಮರ ಅವಳು ಸಾಕಿದ್ದು. ಹಗ್ಗದ ಹಾಗೆ ಹುರಿಗೊಂಡ ಕಾಂಡ, ತುದಿಯಲ್ಲಿ ಗೋಲಿಗಿಂತ ಚೂರು ದೊಡ್ಡದಾದ ಒಂದೇ ಒಂದು ಕೆಂಪು ಹಣ್ಣು. ಆದರೆ ಅವಳು ಅದರ ಹತ್ತಿರ ಹೋಗುವುದಿಲ್ಲ. ಆಚೀಚೆ ನೋಡಿ ನೆಟ್ಟಗೆ ಒಂಬತ್ತನೆಯ ಮೇಜಿಗೆ ಹೋಗುತ್ತಾಳೆ. ಅಲ್ಲಿ ಒಂದು ಜುನಿಪರ್ ಇದೆ. ಅರ್ಧ ಕಾಂಡ ಒಣಗಿ ಮೂಳೆಯಂತೆ ಬಿಳಿಚಿದೆ, ಇನ್ನರ್ಧದ ಮೇಲೆ ಹಸಿರು ಮೋಡದ ಹಾಗೆ ಕೂತಿದೆ. ಹೋದ ಮೂರು ವರ್ಷ ಮೊದಲ ಬಹುಮಾನ ಇದಕ್ಕೇ. ಇದನ್ನು ಸಾಕಿದವಳು ಅವಳ ಒಡಹುಟ್ಟಿದ ತಂಗಿ.

ದಾಳಿಂಬೆ ಅಕ್ಕ ಬೆರಳ ಗೆಣ್ಣಿನಿಂದ ಕುಂಡವನ್ನು ಮೆಲ್ಲಗೆ ತಟ್ಟುತ್ತಾಳೆ. ಧಬ್ ಅನ್ನುತ್ತದೆ.

ಮಣ್ಣು ಉಸಿರಾಡುತ್ತಿದ್ದರೆ ಕುಂಡ ಠಣ್ ಅನ್ನುತ್ತದೆ, ಅಡಿಯಲ್ಲಿ ನೀರು ನಿಂತಿದ್ದರೆ ಧಬ್ ಅನ್ನುತ್ತದೆ. ಇಪ್ಪತ್ತಾರು ವರ್ಷದಿಂದ ದಿನಕ್ಕೆ ಎರಡು ಸಲ, ಬೇಸಿಗೆಯಲ್ಲಿ ಮೂರು ಸಲ ನೂರ ನಲವತ್ತಮೂರು ಕುಂಡ ತಟ್ಟಿದ ಕೈ ಅದು. ಅವಳ ಒಡೆಯರು ವಕೀಲರು. ಕುಂಡಗಳಿರುವುದು ಅವರ ಮೂರಂತಸ್ತಿನ ಮನೆಯ ತಾರಸಿಯ ಮೇಲೆ, ಅರವತ್ತೆರಡು ಮೆಟ್ಟಿಲು. ಮೊದಲ ಒಂಬತ್ತು ವರ್ಷ ಮೇಲೆ ನಲ್ಲಿಯೇ ಇರಲಿಲ್ಲ. ಡಬ್ಬಿಯಲ್ಲಿ ನೀರು ಹೊತ್ತಳು. ನಲ್ಲಿ ಬಂತು, ಅಷ್ಟು ಹೊತ್ತಿಗೆ ಮೊಣಕಾಲು ಹೋಯಿತು. ವಕೀಲರ ಮೊಣಕಾಲೂ ಹೋಗಿದೆ. ನಾಲ್ಕು ವರ್ಷದಿಂದ ಅವರು ತಾರಸಿ ಹತ್ತಿಲ್ಲ. ತಮ್ಮ ಮರಗಳನ್ನು ಅವರು ನೋಡುವುದು ವರ್ಷಕ್ಕೊಮ್ಮೆ, ಟಿಕೆಟ್ ಕೊಂಡ ಜನರ ಜೊತೆಯಲ್ಲಿ. ಚೀಟಿಯ ಮೇಲೆ ಮಾತ್ರ ಅವರ ಹೆಸರು. ಮರದ ಜಾತಿ, ವಯಸ್ಸು, ಒಡೆಯರು ಅಂತ ಮೂರು ಸಾಲಿನ ಚೀಟಿ ಅದು. ನಾಲ್ಕನೆಯ ಸಾಲಿಗೆ ಬೇಕಾದಷ್ಟು ಜಾಗವಿದೆ. ನೀರು ಹಾಕಿದವಳ ಹೆಸರು ಬರೆಯುವ ಹೊತ್ತಿಗೆ ಯಾರ ಪೆನ್ನಿನ ಮಸಿ ಮುಗಿಯಿತೋ.

ಆ ಸಿಟ್ಟು ಇದನ್ನು ಬರೆಯುತ್ತಿರುವವರದು. ಅವಳಿಗೆ ಅದರ ಪರಿವೆಯೇ ಇಲ್ಲ. "ವಕೀಲರ ಮೇಲೆ ನಂಗ್ಯಾಕೆ ಹೊಟ್ಟೆಕಿಚ್ಚು? ಪಾಪ, ಅವ್ರಿಗೆ ಕುಂಡ ಯಾವುದು ಬಕೆಟ್ಟು ಯಾವುದು ಅಂತ್ಲೂ ಸರಿಯಾಗಿ ಗೊತ್ತಿಲ್ಲ. ನನ್ನ ಹೊಟ್ಟೆಕಿಚ್ಚೆಲ್ಲ ಒಂಬತ್ತನೇ ಮೇಜಿಂದು."

ಅದನ್ನು ಅವಳು ಮುಚ್ಚಿಡುವುದಿಲ್ಲ. ಮೊಣಕಾಲು ನೋವಿದೆ ಅಂದಷ್ಟೇ ಸಲೀಸಾಗಿ ಹೇಳುತ್ತಾಳೆ.

ತಂಗಿ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಹದಿನೈದು ವರ್ಷದ ಹಿಂದೆ ಆ ಕಾರ್ಖಾನೆ ಮುಚ್ಚಿದಾಗ, ಬಸ್ಸಿಗೆ ಬಣ್ಣ ಬಳಿಯುತ್ತಿದ್ದ ಗಂಡನನ್ನು ಆಗಷ್ಟೇ ಕಳೆದುಕೊಂಡಿದ್ದ ಅಕ್ಕನೇ ಅವಳ ಕೈ ಹಿಡಿದು ತಾರಸಿಗೆ ಕರೆತಂದಳು. ರೆಂಬೆಗೆ ತಂತಿ ಸುತ್ತುವುದು, ತಂತಿ ತೊಗಟೆಯನ್ನು ಕಚ್ಚುವ ಮೊದಲು ಬಿಚ್ಚುವುದು, ಬೇರು ಕತ್ತರಿಸುವುದು, ಕುಂಡ ತಟ್ಟುವುದು, ಎಲ್ಲವನ್ನೂ ಕಲಿಸಿದಳು. ಆಮೇಲೆ ತಾರಸಿಯ ಮೇಲೆ ಇಂಥವೇ ಮರ ಇಟ್ಟುಕೊಂಡಿದ್ದ ಒಬ್ಬ ಡಾಕ್ಟರಮ್ಮನ ಮನೆಯಲ್ಲಿ ಕೆಲಸ ಕೊಡಿಸಿದಳು. ತಂಗಿ ಬೇಗ ಕಲಿತಳು. ಬೇಕಾದ್ದಕ್ಕಿಂತ ಬೇಗ.

"ಒಂದು ರೆಂಬೆ ಬಗ್ಗಿಸೋಕೆ ನಾನು ಎರಡು ವರ್ಷ ಕಾಯ್ತೀನಿ. ಅವಳು ಮುಟ್ಟಿದ್ರೆ ಸಾಕು, ಅದೇ ಬಗ್ಗುತ್ತೆ. ಅಮ್ಮನೂ ಹಂಗೇ, ನನ್ನ ಕಂಡ್ರೆ ಕೆಲಸ ಹೇಳೋಳು, ಅವಳ ಕಂಡ್ರೆ ನಗೋಳು. ಈಗ ಗಿಡಾನೂ ಹಂಗೇ ಮಾಡುತ್ತೆ ಅಂದ್ರೆ ಯಾರ ಹತ್ರ ಹೇಳೋದು?"

ತಂಗಿ ಜಂಬ ಪಡುವವಳಾದರೂ ಆಗಿದ್ದರೆ ಬಾಯಿತುಂಬ ಬೈದು ಹಗುರಾಗಬಹುದಿತ್ತು. ಅವಳೋ, ಬಹುಮಾನ ಘೋಷಣೆಯಾದ ಮರುದಿನ ಅಕ್ಕನ ಮನೆಗೆ ಬಂದು, ಈ ಸಲ ನಿನ್ನ ದಾಳಿಂಬೆಯೂ ಚೆನ್ನಾಗಿತ್ತು ಕಣೇ ಅಂತ ಹೇಳಿ ಚಹಾ ಕುಡಿದು ಹೋಗುತ್ತಾಳೆ. ಆ 'ಯೂ' ಇದೆಯಲ್ಲ, ಅದನ್ನು ನುಂಗಿಕೊಳ್ಳಲು ದಾಳಿಂಬೆ ಅಕ್ಕನಿಗೆ ಮುಂದಿನ ಪ್ರದರ್ಶನದವರೆಗೂ ಹಿಡಿಯುತ್ತದೆ. "ಅವಳಿಗೆ ನನ್ನ ಮೇಲೆ ಒಂದು ಸಾಸಿವೆಯಷ್ಟೂ ಹೊಟ್ಟೆಕಿಚ್ಚಿಲ್ಲ. ನಂಗೆ ಉರಿಯೋದೇ ಅದಕ್ಕೆ. ನಾನು ಲೆಕ್ಕಕ್ಕೇ ಇಲ್ವಾ?"

ಈಗ ಆ ಧಬ್ ಸದ್ದಿನ ವಿಷಯ. ಪ್ರದರ್ಶನದ ಮೇಜುಗಳಿಗೆಲ್ಲ ಬಿಳಿ ಬಟ್ಟೆ ಹಾಸುತ್ತಾರೆ. ಹಿಂದಿನ ಸಂಜೆ ಮರಗಳಿಗೆ ನೀರುಣಿಸಿ ಜೋಡಿಸುವಾಗ ಕುಂಡದಡಿಯ ತೂತಿನಿಂದ ನೀರು ತೊಟ್ಟಿಕ್ಕಿ ಬಟ್ಟೆಗೆ ಕಲೆಯಾದರೆ ವ್ಯವಸ್ಥಾಪಕರು ಕೂಗಾಡುತ್ತಾರೆ. ಅದಕ್ಕೆ ದಾಳಿಂಬೆ ಅಕ್ಕನೇ ಒಂದು ಉಪಾಯ ಕಂಡುಹಿಡಿದಿದ್ದಾಳೆ. ತೂತಿಗೆ ಜೇಡಿಮಣ್ಣಿನ ಉಂಡೆ ಒತ್ತಿಬಿಡುವುದು, ಮರುದಿನ ಬೆಳಿಗ್ಗೆ ಕುಂಡವನ್ನು ಬಕೆಟ್ಟಿನ ಮೇಲೆ ಎತ್ತಿ ಹಿಡಿದು ಉಂಡೆ ಕಿತ್ತು ನೀರು ಬಸಿಯುವುದು. ಹನ್ನೊಂದು ಜನರೂ ಈಗ ಹಾಗೆಯೇ ಮಾಡುತ್ತಾರೆ. ಹಾಗಾಗಿ ಆ ಮೊದಲ ಬೆಳಿಗ್ಗೆ ಜುನಿಪರಿನ ಕುಂಡ ಧಬ್ ಅಂದದ್ದರಲ್ಲಿ ವಿಶೇಷವೇನಿರಲಿಲ್ಲ. ತಂಗಿ ಇನ್ನೂ ಬಂದಿರಲಿಲ್ಲ, ಅಷ್ಟೇ.

ತಂಗಿ ಬಂದಳು. ಈ ಸಲ ಡಾಕ್ಟರಮ್ಮನವು ಐದು ಮರ. ನಾಲ್ಕರ ಉಂಡೆ ಕಿತ್ತಳು. ಅಷ್ಟರಲ್ಲಿ ಡಾಕ್ಟರಮ್ಮನ ಫೋನು. ಜುನಿಪರಿನ ಬುಡದ ಪಾಚಿ ನಿನ್ನೆ ಸಂಜೆಯ ಫೋಟೊದಲ್ಲಿ ಕಂದಾಗಿ ಕಾಣುತ್ತಿದೆ, ಈಗಲೇ ಬದಲಾಯಿಸು ಅಂತ. ತಂಗಿ ಓಡಿಹೋಗಿ ಹೊಸ ಪಾಚಿ ತಂದು ಹಾಸಿದಳು, ಮೇಲೆ ನೀರು ಚಿಮುಕಿಸಿದಳು, ಗಡಿಯಾರ ನೋಡಿ ಹೊರಟುಹೋದಳು. ಕುಂಡ ಎತ್ತಲೇ ಇಲ್ಲ, ಐದರದೂ ಆಯಿತೆಂದೇ ಅವಳ ಎಣಿಕೆ. ಐದು ಮೇಜು ಆಚೆ ನಿಂತು ದಾಳಿಂಬೆ ಅಕ್ಕ ಇಷ್ಟನ್ನೂ ನೋಡಿದಳು. ಬಾಯಿ ತೆರೆಯಲಿಲ್ಲ.

ಜುನಿಪರಿಗೆ ಬೇರು ನೆನೆದರೆ ಆಗದು. ಪ್ರದರ್ಶನದ ನಾಲ್ಕೂ ದಿನ ಗಾಳಿಯಾಡದ ಸಭಾಂಗಣದ ಸೆಕೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದರೆ ಆ ಮರದ ಮೊಂಡುತನವೆಂದರೆ ಬೇರು ಸತ್ತ ಮೇಲೂ ಒಂದೂವರೆ ತಿಂಗಳು ಏನೂ ಆಗದ ಹಾಗೆ ಹಸಿರಾಗಿಯೇ ನಿಂತಿರುತ್ತದೆ. ಅಂದರೆ ಈ ವರ್ಷವೂ ಗೆಲ್ಲುತ್ತದೆ, ಮನೆಗೆ ಹೋಗಿ ಸಾಯುತ್ತದೆ. ಯಾಕೆ ಸತ್ತಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಒಂಬತ್ತನೆಯ ಮೇಜಿನ ಮೇಲೆ ಬೇರೆ ಏನೋ ಇರುತ್ತದೆ, ನಾಲ್ಕನೆಯದರ ಮೇಲೆ ಎದುರಾಳಿಯಿಲ್ಲದ ದಾಳಿಂಬೆ. ಇದಕ್ಕೆ ದಾಳಿಂಬೆ ಅಕ್ಕ ಮಾಡಬೇಕಾದದ್ದು ಒಂದೇ. ಸುಮ್ಮನಿರುವುದು.

ಎರಡನೆಯ ಬೆಳಿಗ್ಗೆಯೂ ಅವಳು ತಟ್ಟಿದಳು. ಧಬ್. ತಂಗಿ ಬಂದು ಪಕ್ಕದಲ್ಲೇ ನಿಂತು, ಅಕ್ಕಾ ಮೊಣಕಾಲು ಹೇಗಿದೆ ಅಂತ ಕೇಳಿದಳು. ಇದೆ, ನಿನ್ನ ಕೆಲಸ ನೀನು ನೋಡ್ಕೊ ಅಂದು ಅಕ್ಕ ಮುಖ ತಿರುಗಿಸಿದಳು.

"ಎರಡು ದಿನ ಸುಮ್ಮನಿದ್ದೆ. ಮರೆತು ಅಲ್ಲ, ಬೇಕೂಂತಲೇ. ಬರ್ಕೊಳ್ಳಿ. ಒಳ್ಳೆಯವಳು ಗಿಳ್ಳೆಯವಳು ಅಂತ ಬರೆದ್ರೆ ನಾನೇ ಬಂದು ಜಗಳ ತೆಗೀತೀನಿ."

ಆ ಎರಡು ದಿನ ಏನು ಮಾಡಿದಳು? ತಾರಸಿಯ ಕುಂಡಗಳಿಗೆ ನೀರು ಹಾಕಿದಳು. ಯಾವ ಕುಂಡ ತಟ್ಟಿದರೂ ಧಬ್ ಅಂದಂತಾಗುತ್ತಿತ್ತು. ತನ್ನ ಕಿವಿಯ ಮೇಲೆ ತನಗೇ ನಂಬಿಕೆ ಹೋಗಿ, ಚೆನ್ನಾಗಿದ್ದ ಎರಡು ಕುಂಡಗಳನ್ನು ಬೋರಲು ಹಾಕಿ ಬೇರು ನೋಡಿದಳು. ಏನೂ ಆಗಿರಲಿಲ್ಲ. ಬೈದುಕೊಂಡು ಮತ್ತೆ ನೆಟ್ಟಳು. ಜುನಿಪರ್ ಡಾಕ್ಟರಮ್ಮನ ಮನೆಗೆ ಬಂದಾಗ ಅಂಗಡಿಯ ಬೇಲಿಗಿಡವಾಗಿತ್ತು. ಅದರ ಮೊದಲ ತಂತಿಯನ್ನು ಸುತ್ತಿದವಳು ತಾನೇ, ತಂಗಿಗೆ ತೋರಿಸಿಕೊಡಲೆಂದು. ಬುಡದ ಆ ಎಡಗಡೆಯ ತಿರುವು ತನ್ನದೇ ಬೆರಳಿನದು. ತೀರ್ಪುಗಾರರು ವರ್ಷವರ್ಷ ಬಾಗಿ ನಿಂತು ನೋಡುವುದು ಆ ತಿರುವನ್ನೇ.

ಮೂರನೆಯ ಬೆಳಿಗ್ಗೆ ಐದಕ್ಕೆಲ್ಲ ಅವಳು ಹಿಂಬಾಗಿಲಲ್ಲಿದ್ದಳು. ಬಕೆಟ್ ಹುಡುಕಲಿಲ್ಲ. ಎರಡೂ ಕೈಯಿಂದ ಜುನಿಪರನ್ನು ಓರೆ ಮಾಡಿ, ಅಡಿಗೆ ಬೆರಳು ತೂರಿಸಿ ಉಂಡೆಯನ್ನು ಕೆರೆಯುತ್ತಿದ್ದಾಗ ಹಿಂದೆ ಡಬ್ಬಿ ಬಿದ್ದ ಸದ್ದು. ತಂಗಿ.

ಸುತ್ತ ಇನ್ನೂ ಇಬ್ಬರು ಮೂವರು ಬಂದಿದ್ದರು. ತಂಗಿ ಕಿರುಚಲಿಲ್ಲ. ತೀರ್ಪಿನ ದಿನವೇ ಬೇಕಾಯಿತಾ, ಎದುರಿಗೆ ಗೆಲ್ಲಲಾಗದೆ ಬೇರಿಗೇ ಕೈ ಹಾಕಿದೆಯಾ ಅಂತ ಹಲ್ಲು ಕಚ್ಚಿ ಕೇಳಿದಳು. ಅಕ್ಕ ಉಂಡೆ ಕಿತ್ತಳು. ಕಂದು ಬಣ್ಣದ ನೀರು, ಕೊಳೆತ ಎಲೆಯ ವಾಸನೆಯದು, ಬುಳುಬುಳು ಅಂತ ಸುರಿದು ಬಿಳಿ ಬಟ್ಟೆಯನ್ನೆಲ್ಲ ತೋಯಿಸಿ ಅವಳ ಚಪ್ಪಲಿಯ ಮೇಲೆ ಇಳಿಯಿತು. ಕೈಯಲ್ಲಿದ್ದ ಜೇಡಿಯ ಉಂಡೆಯನ್ನು ತಂಗಿಯ ಮುಂದೆ ಹಿಡಿದಳು.

ತಂಗಿ ಅದನ್ನೇ ನೋಡುತ್ತ ಕೇಳಿದಳು, "ನಿನ್ನೇನೇ ಗೊತ್ತಿತ್ತಾ?"

"ಮೊನ್ನೇನೇ ಗೊತ್ತಿತ್ತು."

ನೀರು ಹಾಕುವವರೆಲ್ಲ ನೀರು ಹಾಕುವುದನ್ನು ಬಿಟ್ಟಿದ್ದರು. ಇನ್ನು ಕೆನ್ನೆಗೊಂದು ಬೀಳುತ್ತದೆ ಅಂತಲೇ ದಾಳಿಂಬೆ ಅಕ್ಕ ಅಂದುಕೊಂಡಳಂತೆ. ತಂಗಿ ಉಂಡೆಯನ್ನು ತೆಗೆದುಕೊಂಡು ಟವೆಲಿನಲ್ಲಿ ಸುತ್ತಿದಳು. ನಾಲ್ಕನೆಯ ಮೇಜಿನ ಕಡೆ, ಆ ಪುಟ್ಟ ಕೆಂಪು ಹಣ್ಣಿನ ಕಡೆ ಒಮ್ಮೆ ನೋಡಿದಳು.

"ನಾನಾಗಿದ್ರೆ ನಾಲ್ಕನೇ ದಿನಾನೂ ಹೇಳ್ತಿರ್ಲಿಲ್ಲ ಕಣೇ," ಅಂದಳು. "ಹದಿನೈದು ವರ್ಷದಿಂದ ಒಂದು ದಾಳಿಂಬೆ ಕಾಯಿ ಹಿಡಿಸೋಕೆ ಒದ್ದಾಡ್ತಿದೀನಿ. ಹೂವು ಬಿಡುತ್ತೆ, ಉದುರುತ್ತೆ. ನಿನ್ನದು ನೋಡಿದಾಗೆಲ್ಲ ಆ ಹಣ್ಣು ಕಿತ್ತು ಕಿಟಕಿಯಿಂದಾಚೆ ಎಸೀಬೇಕು ಅನ್ಸುತ್ತೆ."

ಇಬ್ಬರೂ ಸೇರಿ ಬಟ್ಟೆ ಬದಲಾಯಿಸಿದರು. ಒಬ್ಬಳು ಮರ ಎತ್ತಿ ಹಿಡಿದಳು, ಇನ್ನೊಬ್ಬಳು ಹಾಸಿದಳು. ಅಂಚು ಸೊಟ್ಟಗಾಯಿತು ಅಂತ ಒಂದಿಷ್ಟು ಜಗಳವೂ ಆಯಿತು. ಹೊರಡುವ ಮುಂಚೆ ತಂಗಿ ಗೆಣ್ಣಿನಿಂದ ಕುಂಡ ತಟ್ಟಿದಳು. ಠಣ್ ಅಂತ ಅಲ್ಲದಿದ್ದರೂ ಧಬ್ ಅನ್ನಲಿಲ್ಲ.

ಆ ಮಧ್ಯಾಹ್ನ ಮೊದಲ ಬಹುಮಾನ ಜುನಿಪರಿಗೆ ಬಂತು, ಎರಡನೆಯದು ದಾಳಿಂಬೆಗೆ. ಡಾಕ್ಟರಮ್ಮ ಮರದ ಪಕ್ಕ ನಿಂತು ನಕ್ಕರು, ವಕೀಲರು ಊರುಗೋಲು ಹಿಡಿದು ನಕ್ಕರು. ಆ ಹೊತ್ತಿಗೆ ಅಕ್ಕ ತಂಗಿ ಇಬ್ಬರೂ ತಮ್ಮ ತಮ್ಮ ತಾರಸಿಯ ಮೇಲಿದ್ದರು.

ಒಂದು ವಾರದ ಮೇಲೆ, ತಾರಸಿಯಲ್ಲಿ ಮಾತಿಗೆ ಸಿಕ್ಕಾಗ ದಾಳಿಂಬೆ ಅಕ್ಕ ಕುಕ್ಕರಗಾಲಲ್ಲಿ ಕೂತು ಕುಂಡ ತಟ್ಟುತ್ತಿದ್ದಾಳೆ. ಸೋತ ಸಂಕಟ ಮುಖದಲ್ಲಿ ಹಾಗೇ ಇದೆ, ಆದರೆ ಕೆಲಸದ ನಡುವೆ ಕೈ ನಿಲ್ಲಿಸಿ, "ಹೇಳ್ತಿರ್ಲಿಲ್ವಂತೆ! ನಾಲ್ಕನೇ ದಿನಾನೂ!" ಅಂತ ತನ್ನಷ್ಟಕ್ಕೆ ಅಂದುಕೊಳ್ಳುತ್ತಾಳೆ. ಬಂದ ಹೊತ್ತಿನಿಂದ ಇದು ಮೂರನೆಯ ಸಲ.

ಏನಾದರೂ ಆಸೆ ಇದೆಯಾ ಅಂದರೆ ಇದೆ. ಚೀಟಿಯ ಮೇಲೆ ಹೆಸರು ಬೇಡವಂತೆ. "ಮುಂದಿನ ವರ್ಷಾನೂ ಆ ಜುನಿಪರ್ ಬರ್ಲಿ, ಚೆನ್ನಾಗೇ ಇರ್ಲಿ. ಅದನ್ನ ಎದುರಿಗಿಟ್ಕೊಂಡೇ ಗೆಲ್ಬೇಕು ನಾನು."

ದಾಳಿಂಬೆ ಮರದಲ್ಲಿ ಹಣ್ಣಿಲ್ಲ. ಪ್ರದರ್ಶನ ಮುಗಿದ ಮೇಲೆ ಮರಕ್ಕೆ ಭಾರವಾಗದಿರಲೆಂದು ಅದನ್ನು ಕತ್ತರಿಸುವುದು ರೂಢಿ. ಈ ಸಲದ ಹಣ್ಣನ್ನು ಅವಳು ಕಾಗದದಲ್ಲಿ ಸುತ್ತಿ ತಂಗಿಗೆ ಕೊಟ್ಟು ಬಂದಿದ್ದಾಳೆ.

"ಬಾಯಿಗಿಡೋಕಾಗಲ್ಲ, ಅಷ್ಟು ಹುಳಿ ಅದು. ಗೊತ್ತಿದ್ದೇ ಕೊಟ್ಟೆ," ಅನ್ನುತ್ತ ದಾಳಿಂಬೆ ಅಕ್ಕ ಮುಂದಿನ ಕುಂಡಕ್ಕೆ ಸರಿಯುತ್ತಾಳೆ. "ಒಂದು ಕಾಳೂ ಬಿಡದೆ ತಿಂದು, ಸಿಹಿಯಾಗಿತ್ತು ಅಂದ್ಲು. ಅಲ್ಲೂ ಗೆಲ್ಬೇಕು ಅವಳಿಗೆ."