ಬಿದ್ದು ಮುರಿದ ಕೈಯಲ್ಲ

ಕುಪ್ಪಸ ಹೊಲಿದು ಕೊಡುವಾಗ ನೀಲವ್ವ ಅದರ ಒಳಮೈಯನ್ನು ಹೊರಗೆ ತಿರುವಿಯೇ ಕೊಡುತ್ತಿದ್ದಳು. "ಮೊದ್ಲ ಒಳಗ ನೋಡ್ರಿ. ಹೊರಗ ಎಲ್ಲಾರ್ದೂ ಛಲೋನ ಇರತೈತಿ" ಅನ್ನುವಳು. ಹೊಲಿಗೆ ಎಳೆಯಷ್ಟು ಸೊಟ್ಟಗಾಗಿದ್ದರೂ ಸಾಕು, ನಾವು ಇರಲಿ ಬಿಡು ಅಂದರೂ ಕೇಳದೆ ಬಿಚ್ಚಿ ಮತ್ತೆ ಹೊಲಿಯುವಳು.

ನಾನು ಮದುವೆಯಾಗಿ ಹುಬ್ಬಳ್ಳಿಯ ಪೊಲೀಸ್ ಲೈನಿಗೆ ಬಂದಾಗ ನನ್ನನ್ನು ಮೊದಲು ಮಾತಾಡಿಸಿದವಳೇ ಆಕೆ. ಗಂಡ ತೀರಿಕೊಂಡ ಮೇಲೆ ಕೇಶ್ವಾಪುರದ ಒಂದು ಕೋಣೆಯಲ್ಲಿ ಕೈಮಷೀನು ಇಟ್ಟುಕೊಂಡು ಒಬ್ಬಳೇ ಇದ್ದಳು. ಬಲಗೈಯಿಂದ ಚಕ್ರ ತಿರುವುತ್ತ, ಎಡಗೈಯಿಂದ ಬಟ್ಟೆ ಸರಿಸುತ್ತ, ಬಾಯಲ್ಲಿ ಊರಿನವರನ್ನೆಲ್ಲ ಬೈಯುತ್ತ ಕೂತಿರುವಳು. ಹವಾಲ್ದಾರರಾಗಿದ್ದ ನಮ್ಮ ಮಾವನನ್ನೂ ಬಿಟ್ಟವಳಲ್ಲ. "ಹವಾಲ್ದಾರ್ರ, ಹೊಟ್ಟಿ ಬರಾಕತ್ತೈತಿ. ಮುಂದಿನ ಅಂಗಿಗೆ ಅರಿವಿ ಜಾಸ್ತಿ ತರ್ರಿ" ಅಂದರೆ, ನಗುವ ರೂಢಿಯೇ ಇಲ್ಲದ ಮಾವನೂ ಮೀಸೆಯೊಳಗೇ ನಗುತ್ತಿದ್ದರು.

ಸ್ವರಾಜ್ಯದ ಚಳವಳಿಯ ವರ್ಷ ಮುಖಂಡರೆಲ್ಲ ಜೈಲು ಸೇರಿದ ಮೇಲೆ ಹೆಂಗಸರೇ ಬಾವುಟ ಹಿಡಿದು ಸ್ಟೇಶನ್ ರಸ್ತೆಯಲ್ಲಿ ಹೊರಟರು. ನೀಲವ್ವ ಮುಂದಿನ ಸಾಲಿನಲ್ಲಿದ್ದಳು. ಯಾರ ಕೈಯಲ್ಲೂ ಒಂದು ಕಲ್ಲಿರಲಿಲ್ಲ. ಪೊಲೀಸ್ ಚೌಕಿಯ ಫೌಜದಾರ ಚದುರಿ ಹೋಗಿ ಎಂದ. ಅವರು ರಸ್ತೆಯಲ್ಲೇ ಕೂತುಬಿಟ್ಟರು. ಲಾಠಿ ಬೀಸಲು ಅಪ್ಪಣೆಯಾಯಿತು. ನೀಲವ್ವನ ಬಲಗೈಯ ಮಣಿಕಟ್ಟು ಮುರಿಯಿತು. ಹೊಡೆದವರು ನಮ್ಮ ಮಾವ. ಅಂದು ಸಂಜೆ ಅತ್ತೆಗೆ ಅವರೇ ಹೇಳಿದರು.

ಊರಲ್ಲಿ ಗುಲ್ಲೆದ್ದು, ಮೇಲಿನ ಸಾಹೇಬನೊಬ್ಬ ವಿಚಾರಣೆಗೆ ಬಂದ. ನೀಲವ್ವ ಕೈಗೆ ಪಟ್ಟಿ ಕಟ್ಟಿಕೊಂಡೇ ಹೋಗಿ ನಡೆದದ್ದನ್ನು ಹೇಳಿದಳು. ಫೌಜದಾರ, ತಮ್ಮವರಾರೂ ಲಾಠಿ ಎತ್ತಲೇ ಇಲ್ಲವೆಂದ. ಮಾವ ಆಕೆಯ ಎದುರಿಗೇ, "ಗದ್ದಲದಾಗ ಬಿದ್ದಳ್ರಿ ಸಾಹೇಬ್ರ, ನಾ ಕಣ್ಣಾರೆ ನೋಡೇನಿ" ಎಂದರು. ಬಿದ್ದು ಕೈ ಮುರಿಯಿತೆಂದು ಬರೆದುಕೊಂಡು ಸಾಹೇಬ ವಿಚಾರಣೆ ಮುಗಿಸಿದ.

ಮರುದಿನ ಬೆಳಿಗ್ಗೆ ಆಕೆ ನಮ್ಮ ಮನೆಗೆ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ, ಮಾವ ಉಣ್ಣುತ್ತಿದ್ದರು. ಕೂಡು ಅಂದರೂ ಕೂಡಲಿಲ್ಲ.

"ಹೊಡದ್ರಿ, ಇರ್ಲಿ. ಮ್ಯಾಲಿನವರು ಹೇಳಿದ್ರು, ಹೊಡದ್ರಿ. ಬಿದ್ದಳು ಅಂತ ಯಾಕ ಅಂದ್ರಿ?"

ಮಾವ ಗಂಗಾಳದಿಂದ ಕಣ್ಣೆತ್ತಲಿಲ್ಲ. "ನೌಕರಿ ಹೋಗತಿತ್ತು ನೀಲವ್ವ. ಮನಿ ತುಂಬ ಮಂದಿ ಅದಾರ."

"ನನ್ನ ಕೈ ಹೋತಲ್ರಿ?"

ಅತ್ತೆ ಅಳುತ್ತ ಒಳಗಿನಿಂದ ಒಂದು ಮೊರ ಜೋಳ ತಂದು ಮುಂದಿಟ್ಟರು. "ಜ್ವಾಳ ಬ್ಯಾಡ್ರಿ ಅಕ್ಕಾರ. ಸಾಹೇಬ್ರ ಮುಂದ ಹೋಗಿ ಖರೇ ಹೇಳಂತ ಹೇಳ್ರಿ ಇವರಿಗೆ" ಎಂದು ಆಕೆ ಹೊರಟುಹೋದಳು. ಮೊರವನ್ನು ನಾನೇ ಎತ್ತಿ ಒಳಗಿಟ್ಟೆ.

ಮೂಳೆ ಸೊಟ್ಟಗೆ ಕೂಡಿಕೊಂಡಿತು. ಮಷೀನು ಮಾರಿ ಆಕೆ ಅಮರಗೋಳಕ್ಕೆ ಅಣ್ಣನ ಮನೆಗೆ ಹೋದಳು. ಆದರೂ ಸಂತೆಗೆ ಬಂದಾಗಲೆಲ್ಲ ಪೊಲೀಸ್ ಚೌಕಿಯ ಮುಂದೆ ನಿಂತು, "ಬರದದ್ದು ತಿದ್ದಿದ್ರೇನ್ರಿ?" ಎಂದು ಕೇಳಿಯೇ ಮುಂದೆ ಹೋಗುವಳು. ಪೊಲೀಸರು ಮೊದಮೊದಲು ಗದರಿಸಿದರು, ಆಮೇಲೆ ನಕ್ಕರು. ಆಕೆ ದೂರದಲ್ಲಿ ಕಂಡರೆ ಸಾಕು, ಮಾವ ಚೌಕಿಯ ಹಿಂದಕ್ಕೆ ಸರಿಯುತ್ತಿದ್ದರಂತೆ.

ಸ್ವರಾಜ್ಯ ಬಂತು. ಅದೇ ಫೌಜದಾರ ಅದೇ ಚೌಕಿಯ ಮೇಲೆ ಬಾವುಟ ಏರಿಸಿ ಪೇಡೆ ಹಂಚಿದ. ನಾವೆಲ್ಲ ನೋಡಲು ಹೋಗಿದ್ದೆವು. ನೀಲವ್ವ ಅಂದೂ ಕೇಳಿದಳು.

"ಹಳೇದೆಲ್ಲಾ ಈಗ ಯಾಕವ್ವಾ? ನಮ್ಮದ ರಾಜ್ಯ ಬಂತು, ಪೇಡೆ ತಗೋ" ಎಂದ ಆತ.

"ನಮ್ಮದ ಬಂದೈತೆಲ್ರಿ, ಈಗರ ಹೇಳ್ರಿ."

ಆತ ಪೇಡೆಯ ಬುಟ್ಟಿಯನ್ನು ಮುಂದಿನವರ ಕಡೆ ತಿರುಗಿಸಿದ. ಮಾವ ನಮ್ಮ ಪಕ್ಕದಲ್ಲೇ ಬಾವುಟದ ಕಡೆ ನೋಡುತ್ತ ನಿಂತಿದ್ದರು. ಅವರ ಸೊಸೆ ಎಂದು ಯಾರಾದರೂ ಗುರುತು ಹಿಡಿದಾರೆಂದು ನಾನು ಸೆರಗನ್ನು ಮುಂದಕ್ಕೆ ಎಳೆದುಕೊಂಡೆ.

ಮರುವರ್ಷ ಆಕೆಗೆ ಜ್ವರವೆಂದು ಕೇಳಿ ಅಮರಗೋಳಕ್ಕೆ ಹೋದೆ. ಗೋಡೆಗೆ ಒರಗಿ ಕೂತಿದ್ದಳು. "ನಿಮ್ಮ ಮಾವ ಬಂದಿದ್ರವಾ ಮೊನ್ನೆ" ಅಂದಳು.

"ಏನಂದ್ರು?" ಎಂದೆ.

"ಬಾಗಲದಾಗ ನಿಂತ್ರು, ನಿಂತ್ರು. ಕಡೀಕ, ಊಟ ಆತೇನು ನೀಲವ್ವ ಅಂದ್ರು. ಆತ್ರಿ ಅಂದೆ. ಹೋದ್ರು." ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಕೆಲವೇ ದಿನಗಳಲ್ಲಿ ಆಕೆ ಸತ್ತ ಸುದ್ದಿ ಬಂತು. ಮಾವ ರುಮಾಲು ಸುತ್ತಿಕೊಂಡು, ಚಪ್ಪಲಿ ಮೆಟ್ಟಿ ಹೊಸ್ತಿಲ ತನಕ ಹೋದವರು ತಿರುಗಿ ಬಂದು ಕೂತರು. "ನೀ ಹೋಗಿ ಬಾರವಾ. ನಾ ಯಾವ ಮಾರಿ ಹೊತ್ಕೊಂಡು ಹೋಗ್ಲಿ?" ಎಂದರು.

ಹೋದೆ. ಯಾರ ಮನೆಯವಳೆಂದು ಅಲ್ಲಿ ಕೇಳಿದರು. ಹವಾಲ್ದಾರರ ಸೊಸೆ ಎಂದೆ. ಹೆಣದ ಸುತ್ತ ಕೂತಿದ್ದ ಹೆಂಗಸರು ಸರಿದು ನನಗೂ ಜಾಗ ಮಾಡಿಕೊಟ್ಟರು. ನಾನು ನಿಂತೇ ಇದ್ದೆ.