ಎರಡನೇ ಸಲ ಟೈಪಾಗುತ್ತಿರುವ ಪುಸ್ತಕ

ಬೆಳಗಿನ ಐದೂವರೆ. ಬೀದಿಯಲ್ಲಿ ಹಾಲಿನ ಗಾಡಿಯದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎರಡನೇ ಮಹಡಿಯ ಈ ಮನೆಯಲ್ಲಿ ಮಾತ್ರ ಅಡುಗೆಮನೆಗೂ ಬಾಗಿಲಿಗೂ ನಡುವಿನ ಇಕ್ಕಟ್ಟಿನಲ್ಲಿ ಕೀಲಿಮಣೆ ಪಟಪಟ ಅನ್ನುತ್ತಿದೆ. ಎಡಗಡೆ ಯಾರೋ ವಕೀಲರ ಕಾಗೆಕಾಲು ಗುಬ್ಬಿಕಾಲು ಅಕ್ಷರದ ಹಾಳೆಗಳು, ಅವು ಹಾರಿಹೋಗದಂತೆ ಮೇಲೊಂದು ಬಟ್ಟೆ ಸೋಪಿನ ಬಿಲ್ಲೆ. ಬಡಾವಣೆಗೆಲ್ಲ 'ಟೈಪ್ ಅಕ್ಕ' ಎಂದೇ ಗೊತ್ತಿರುವ ಈಕೆ ಕೀಲಿ ನೋಡುವುದಿಲ್ಲ, ಪರದೆಯನ್ನೂ ನೋಡುವುದಿಲ್ಲ. ಕಣ್ಣೆಲ್ಲ ಹಾಳೆಯ ಮೇಲೆ. ಒಂದು ಪುಟ ಮುಗಿಯಿತೋ, ಪೆನ್ ಡ್ರೈವ್ ಚುಚ್ಚಿ ಕಾಪಿ ಹಾಕುತ್ತಾರೆ. ಹಾಕಿದ್ದು ಬಂದಿದೆಯೇ ಎಂದು ತೆರೆದು ನೋಡುತ್ತಾರೆ. ಆಮೇಲೆಯೇ ಮುಂದಿನ ಪುಟ.

"ಪ್ರತಿ ಪುಟಕ್ಕೂ ಹೀಗೇನಾ ಅಂತ ಮನೇಲಿ ನಗ್ತಾರೆ. ನಗಲಿ ಬಿಡಿ. ನಾನು ಅತ್ತಿದ್ದು ನನಗೆ ಗೊತ್ತು," ಎನ್ನುತ್ತಾರೆ.

ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ಇಪ್ಪತ್ತೈದು ಪುಟ, ಪರೀಕ್ಷೆಯ ಕಾಲದಲ್ಲಿ ನಲವತ್ತು. ದೂರು, ಪ್ರಬಂಧ, ಪ್ರಶ್ನೆಪತ್ರಿಕೆ, ವಿಚ್ಛೇದನದ ಅರ್ಜಿ, ಅದೇ ದಂಪತಿ ಮತ್ತೆ ಒಂದಾದಾಗ ಅರ್ಜಿ ವಾಪಸು ಪಡೆಯುವ ಪತ್ರ, ಎಲ್ಲವೂ ಈ ಕೈ ದಾಟಿಯೇ ಹೋಗಿವೆ. ಬಲಗೈ ಕಿರುಬೆರಳು ಬೆಳಗ್ಗೆ ನೆಟ್ಟಗಾಗುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಬಿಡಿಸಿಕೊಳ್ಳಬೇಕು. ಗಂಡ ಬಸ್ ಚಾಲಕರು, ಇವರು ಬೆರಳು ಅದ್ದುವ ಹೊತ್ತಿಗೆ ಡಿಪೋ ಸೇರಿರುತ್ತಾರೆ.

ಈಗ ಮೇಜಿನ ಮೇಲಿರುವುದು ಹೊಸ ಕಂಪ್ಯೂಟರ್. ಬಂದು ಏಳು ತಿಂಗಳಾಯಿತು. ಅದರ ಹಿಂದಿನದಕ್ಕೆ ಹದಿನಾಲ್ಕು ವರ್ಷ ವಯಸ್ಸಾಗಿತ್ತು. ಬಿಸಿಯಾಗಿ ನಿಂತುಬಿಡುತ್ತದೆಂದು ಅದರ ಪಕ್ಕದ ತಗಡು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟಿದ್ದರು. "ಮನೇಲಿ ಗಂಡನಿಗಿಲ್ಲದ ಗಾಳಿ ಅದಕ್ಕೆ," ಎಂದು ಗಂಡ ಗೊಣಗುತ್ತಿದ್ದರು.

ಅದನ್ನು ಆಗಾಗ ನೋಡಲು ಬರುತ್ತಿದ್ದ ರಿಪೇರಿಯಣ್ಣ ಎರಡು ವರ್ಷದ ಹಿಂದೆಯೇ ಕೈ ಮುಗಿದಿದ್ದರು. "ಅಕ್ಕಾ, ಇದು ಕೊನೆಯುಸಿರು ಎಳೀತಿದೆ. ಹೊಸದು ತಗೊಳ್ಳಿ. ಅಲ್ಲೀವರೆಗೆ ದಿನಾ ಒಂದು ಕಾಪಿನಾದ್ರೂ ಬೇರೆ ಕಡೆ ಇಟ್ಕೊಳ್ಳಿ."

ಕಾಪಿ ಹಾಕಲು ಬಾರದು ಎನ್ನಲು ನಾಚಿ ಅಕ್ಕ ಹೂಂ ಅಂದರು. ಆದರೆ ಮೈದುನ, ಊರಿನ ಉಸಾಬರಿಯೆಲ್ಲ ತಲೆಮೇಲೆ ಹೊತ್ತವನು, "ಸ್ವಲ್ಪ ತಡೀರಿ ಅತ್ತಿಗೆ, ಹೊಸ ಮಾಡೆಲ್ ಬರ್ತಿದೆ" ಅಂದ. ಅದು ಬಂದ ಮೇಲೆ "ಈಗ ಬೇಡ, ಬೆಲೆ ಇಳಿಯುತ್ತೆ" ಅಂದ. ಹಾಗೇ ವರ್ಷ ಉರುಳಿತು.

ಕೇಳಿದವರಿಗೆಲ್ಲ ಅಕ್ಕ ಮೈದುನನ ಹೆಸರೇ ಹೇಳುತ್ತಿದ್ದರು. ನಿಜ ಬೇರೆಯೇ ಇತ್ತು. ಒಮ್ಮೆ ಯಾರಿಗೂ ಹೇಳದೆ ಅಂಗಡಿಗೆ ಹೋಗಿದ್ದರು. ಅಲ್ಲಿಯ ಹುಡುಗಿ ರ್‍ಯಾಮ್ ಎಷ್ಟಿರಬೇಕು, ಹಾರ್ಡ್ ಡಿಸ್ಕ್ ಯಾವುದು ಬೇಕು ಎಂದು ಕೇಳಿದಳು. ಇಪ್ಪತ್ತು ವರ್ಷ ಕಂಪ್ಯೂಟರಿನ ಮುಂದೆ ಕೂತವರಿಗೆ ಒಂದೂ ಗೊತ್ತಾಗಲಿಲ್ಲ. ಎಲ್ಲಕ್ಕೂ ತಲೆಯಾಡಿಸಿ, "ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಹೊರಟು ಬಂದರು. "ಮೆಟ್ಟಿಲು ಇಳಿಯೋವಾಗ ಮುಖ ಬಿಸಿ ಆಗಿತ್ತು. ಟೈಪ್ ಅಕ್ಕ ಅಂತ ಹೆಸರು ಬೇರೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ."

ಆ ಹೊತ್ತಿಗೇ ದೊಡ್ಡಕ್ಕನ ಕೆಲಸ ಬಂತು. ಎಲ್ಲರೂ ದೊಡ್ಡಕ್ಕ ಎನ್ನುವ ಆಕೆ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸಾಗಿದ್ದವರು. ಈಗ ಎಂಬತ್ತೊಂದು. ಬೆಳಕು ನೆರಳು ಬಿಟ್ಟರೆ ಕಣ್ಣಿಗೆ ಏನೂ ಕಾಣದು. ತನ್ನ ಕೈಯಲ್ಲಿ ಹುಟ್ಟಿದವರ ಕಥೆಗಳನ್ನು ಪುಸ್ತಕ ಮಾಡಬೇಕೆಂಬುದು ಆಕೆಯ ಹಂಬಲ. ದಿನಾ ಮಧ್ಯಾಹ್ನ ಅಕ್ಕ ಅವರ ಮನೆಗೆ ಹೋಗಿ ಚೀಟಿಗಳಲ್ಲಿ ಗುರುತು ಹಾಕಿಕೊಂಡು, ಸಂಜೆ ಮನೆಯಲ್ಲಿ ಟೈಪ್ ಮಾಡುತ್ತಿದ್ದರು. ಟೈಪಾದ ಚೀಟಿ ರದ್ದಿಗೆ, ಹಾಳೆಗೆ ಮುದ್ರಿಸುವುದು ಪುಸ್ತಕ ಮುಗಿದ ಮೇಲೆ. ನೂರ ನಲವತ್ತು ಪುಟವಾಗಿತ್ತು.

ಒಂದು ಬೆಳಗ್ಗೆ ಕಂಪ್ಯೂಟರ್ ಏಳಲೇ ಇಲ್ಲ. ರಿಪೇರಿಯಣ್ಣ ಹಾರ್ಡ್ ಡಿಸ್ಕ್ ತೆಗೆದುಕೊಂಡು ಹೋಗಿ ನಾಲ್ಕು ದಿನ ಹೆಣಗಿದರು. ವಾಪಸು ತಂದಾಗ ಬಾಗಿಲಲ್ಲೇ ನಿಂತರು. "ಏನೂ ಸಿಗಲಿಲ್ಲ ಅಕ್ಕಾ. ಕಾಪಿ ಇದೆ ತಾನೇ?"

"ಇದೆ," ಅಂದರು ಅಕ್ಕ. ಅವರ ಮುಂದೆಯೂ ಸುಳ್ಳು.

ಮಧ್ಯಾಹ್ನಗಳ ಭೇಟಿ ನಿಲ್ಲಿಸಿದರೆ ಗುಟ್ಟು ರಟ್ಟಾಗುತ್ತದೆಂದು ಎಂದಿನಂತೆ ಹೋಗುತ್ತಿದ್ದರು. ದೊಡ್ಡಕ್ಕ ದಿನವೂ, "ಹಿಂದೆ ಬರೆಸಿದ್ದು ಹೇಗೆ ಬಂದಿದೆ? ಒಂಚೂರು ಓದು ಮಗಾ," ಎನ್ನುವರು. ಅಕ್ಕ ಕರೆಂಟ್ ಬಿಲ್ಲನ್ನು ಕೈಯಲ್ಲಿ ಹಿಡಿದು, ನೆನಪಿದ್ದಷ್ಟನ್ನು ಓದಿದಂತೆ ಒಪ್ಪಿಸುವರು. ಹನ್ನೊಂದು ದಿನ ಹೀಗೆ ನಡೆಯಿತು. ಕಣ್ಣು ಕಾಣದವರ ಎದುರು ಕೂತು ಮಾಡಿದ ಆ ನಾಟಕವನ್ನು ಹೇಳುವಾಗ ಅಕ್ಕನ ಕೈ ಈಗಲೂ ಸೋಪಿನ ಬಿಲ್ಲೆಯನ್ನು ಸುಮ್ಮನೆ ಅತ್ತಿತ್ತ ಸರಿಸುತ್ತದೆ.

ಹನ್ನೊಂದನೆಯ ದಿನ ದೊಡ್ಡಕ್ಕ, "ಆಸ್ಪತ್ರೆಯಲ್ಲಿ ಅವತ್ತು ನನಗೆ ಜ್ವರ ಬಂದು, ಒಂದು ಕೂಸು ತೀರ್ಕೊಂಡಿತ್ತಲ್ಲ, ಆ ಭಾಗ ಓದು," ಅಂದರು. ಅಕ್ಕನಿಗೆ ಒಂದು ಸಾಲೂ ನೆನಪಾಗಲಿಲ್ಲ.

"ಎಲ್ಲಾ ಹೋಯ್ತು ದೊಡ್ಡಕ್ಕಾ," ಎಂದು ಅತ್ತುಬಿಟ್ಟರು.

"ಹಂಗಾದ್ರೆ ಇಷ್ಟು ದಿನ ಏನು ಓದ್ತಿದ್ದೆ?"

"ಕರೆಂಟ್ ಬಿಲ್ ಹಿಡ್ಕೊಂಡು... ನೆನಪಿದ್ದದ್ದು."

ದೊಡ್ಡಕ್ಕ ಕೈ ಚಾಚಿ ಆ ಬಿಲ್ಲನ್ನು ಈಸಿಕೊಂಡು ತಡವಿ ನೋಡಿದರು. ಆಮೇಲೆ, "ಮನೆಗೆ ಹೋಗು," ಅಂದರು.

ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ಅವರೇ ಫೋನ್ ಮಾಡಿ ಕರೆಸಿದರು. "ನೀನು ಹನ್ನೊಂದು ದಿನ ಮುಚ್ಚಿಟ್ಟೆ. ನಾನು ನಲವತ್ತೆರಡು ವರ್ಷದಿಂದ ಮುಚ್ಚಿಟ್ಟಿದೀನಿ. ಅವತ್ತು ಜ್ವರ ಇರಲಿಲ್ಲ ಮಗಾ. ಮಧ್ಯಾಹ್ನ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ. ಆಯಾ ಬಂದು ಎರಡು ಸಲ ಎಬ್ಬಿಸಿದ್ಳು. ಏಳೋ ಹೊತ್ತಿಗೆ ಕೂಸು ಹೋಗಿತ್ತು. ಅವಳು ನನ್ನನ್ನ ಕರೀಲೇ ಇಲ್ಲ ಅಂತ ದೊಡ್ಡ ಡಾಕ್ಟರ ಹತ್ರ ಹೇಳಿದೆ. ಅವಳ ಕೆಲಸ ಹೋಯ್ತು. ಪುಸ್ತಕದಲ್ಲೂ ಸುಳ್ಳನ್ನೇ ಬರೆಸಿದ್ದೆ. ಮೊದಲಿಂದ ಬರಿ. ಇದನ್ನ ಮೊದಲು ಬರಿ."

ಮರುದಿನವೇ ಅಕ್ಕ ಅದೇ ಅಂಗಡಿಯ ಮೆಟ್ಟಿಲು ಹತ್ತಿದರು. ಮೈದುನನನ್ನು ಕೇಳಲಿಲ್ಲ. ಅದೇ ಹುಡುಗಿ ಮುಂದೆ ಬಂದಳು. "ನೋಡಮ್ಮಾ, ನಂಗೆ ಇದರಲ್ಲಿ ಏನೂ ಗೊತ್ತಿಲ್ಲ. ಟೈಪ್ ಮಾಡ್ತೀನಿ ಅಷ್ಟೇ. ಮಾಡಿದ್ದು ಕಳೀಬಾರದು," ಎಂದರು. ಹುಡುಗಿ ಕುರ್ಚಿ ಎಳೆದು ಕೂರಿಸಿ, "ಹಾಗಾದ್ರೆ ದುಬಾರಿದು ಬೇಡವೇ ಬೇಡ ಆಂಟಿ. ಸಾಧಾರಣದ್ದು ಸಾಕು. ಉಳಿದ ದುಡ್ಡಲ್ಲಿ ಕಾಪಿ ಇಡೋಕೆ ಒಳ್ಳೇ ಪೆನ್ ಡ್ರೈವ್ ತಗೊಳ್ಳಿ," ಎಂದು ಕಾಪಿ ಹಾಕುವುದನ್ನು ಮೂರು ಸಲ ಮಾಡಿಸಿ ಕಲಿಸಿದಳು. ಒಂದು ಗಂಟೆಯ ಕೆಲಸ. ಇಷ್ಟು ಕಾಲ ಹೆದರಿದ್ದು ಈ ಒಂದು ಗಂಟೆಗೆ.

ಪುಸ್ತಕ ಈಗ ತೊಂಬತ್ತಾರನೇ ಪುಟದಲ್ಲಿದೆ. ಎಲ್ಲವೂ ಮರಳಿ ಬಂದಿಲ್ಲ. ಪ್ರವಾಹದಲ್ಲಿ ದೋಣಿಯ ಮೇಲಾದ ಹೆರಿಗೆಯೊಂದರ ಕಥೆ ದೊಡ್ಡಕ್ಕನಿಗೆ ಈಗ ನೆನಪೇ ಇಲ್ಲ. "ಅಂಥದ್ದೇನೂ ಆಗಿರಲಿಲ್ಲ" ಅನ್ನುತ್ತಾರೆ. ಆಗಿತ್ತೆಂದು ಬಲ್ಲವರು ಈಗ ಅಕ್ಕ ಒಬ್ಬರೇ. ಅವರಿಗೂ ತುಂಡು ತುಂಡಾಗಿ ಮಾತ್ರ. "ಅವರು ಬೈಯಲ್ಲ. ಅದಕ್ಕೇ ನನಗೆ ತಲೆ ಎತ್ತೋಕಾಗಲ್ಲ," ಎನ್ನುತ್ತಾರೆ.

ಆಯಾ ಈಗ ಇಲ್ಲ, ಮಗಳಿದ್ದಾಳೆ. ನಿಜ ಬರೆಸಿದ ಆ ಪುಟವನ್ನು ಮುದ್ರಿಸಿ, ದೊಡ್ಡಕ್ಕನ ಕೈ ಹಿಡಿದುಕೊಂಡು ಅಕ್ಕ ಅವಳ ಮನೆಗೆ ಹೋಗಿದ್ದರು. ಮಗಳು ಬಾಗಿಲಲ್ಲೇ ನಿಂತು ಓದಿದಳು. ಇಬ್ಬರನ್ನೂ ಒಳಗೆ ಕರೆಯಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಮುಷ್ಟಿಯಲ್ಲಿ ಹಿಡಿದು ಬಾಗಿಲು ಹಾಕಿಕೊಂಡಳು.

ಗಂಟೆ ಆರೂಮುಕ್ಕಾಲು. ವಕೀಲರ ಹಾಳೆಗಳು ಇನ್ನೂ ಹನ್ನೆರಡು ಬಾಕಿ. ಅಕ್ಕ ಬೆರಳು ನೀವಿಕೊಳ್ಳುತ್ತಾರೆ.

"ನಾನು ಟೈಪ್ ಮಾಡಿದ್ದೆಲ್ಲ ಈಗ ಎರಡು ಕಡೆ ಇರುತ್ತೆ. ಆ ಪುಟ ಮಾತ್ರ ಮೂರು ಕಡೆ ಇದೆ. ಮೂರನೇದು ಆ ಮನೆಯೊಳಗಿದೆ. ಇನ್ನು ನನ್ನ ಕೈಯಲ್ಲಿ ಏನು ಕೆಟ್ಟರೂ ಅದೊಂದು ಕಳೆದುಹೋಗಲ್ಲ."